ಹಳೆಯ ಕಾರಿನೊಳಗಿನ ಅಂಟಿನ ಘಾಟು: ಕಾರಣ ಮತ್ತು ನಿವಾರಣೆ

ಹಳೆಯ ಕಾರುಗಳನ್ನು ದುರಸ್ತಿ ಮಾಡಿಸಿ, ಮೊದಲಿನ ರೂಪಕ್ಕೆ ತಂದು ಇಟ್ಟುಕೊಳ್ಳುವ ಹವ್ಯಾಸವು ರಾಜ್ಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಗಮನಾರ್ಹವಾಗಿ ಬೆಳೆದಿದೆ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಒಂದು ಕಾಲದಲ್ಲಿ ಮಧ್ಯಮ ವರ್ಗದ ಮನೆಗಳ ಹೆಮ್ಮೆಯಾಗಿದ್ದ ಪ್ರೀಮಿಯರ್ ಪದ್ಮಿನಿ, ಅಲ್ಲಲ್ಲಿ ಉಳಿದಿರುವ ಸ್ಟ್ಯಾಂಡರ್ಡ್ ಹೆರಾಲ್ಡ್ ಮುಂತಾದ ವಾಹನಗಳು ಈಗ ಶೆಡ್ಡುಗಳಿಂದ ಹೊರಬರುತ್ತಿವೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ ಖಾಸಗಿ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿದ ಮೇಲೆ ಇಂತಹ ಕೆಲಸಕ್ಕೆ ಒಂದು ಅಧಿಕೃತ ನೆಲೆಯೂ ದೊರೆತಿದೆ. ಕುಶನ್ ಕೆಲಸದವರು, ರೆಕ್ಸಿನ್ ಮತ್ತು ಫೋಮ್ ವರ್ತಕರು, ಪೇಂಟ್ ಮತ್ತು ಅಂಟಿನ ವ್ಯಾಪಾರಿಗಳು, ಬಾಡಿ ಕಟ್ಟುವ ಸಣ್ಣ ಘಟಕಗಳು ಎಲ್ಲರಿಗೂ ಇದರಲ್ಲಿ ಒಂದಿಷ್ಟು ಪಾಲಿದೆ.

ಆದರೆ ಈ ಕೆಲಸದಲ್ಲಿ ಪದೇ ಪದೇ ಎದುರಾಗುವ ಒಂದು ದೂರು ಇದೆ. ಬಣ್ಣ ಚೆನ್ನಾಗಿದೆ, ಹೊಲಿಗೆ ನೇರವಾಗಿದೆ, ಎಂಜಿನ್ ಸದ್ದು ಸರಿಯಾಗಿದೆ. ಬಾಗಿಲು ತೆರೆದರೆ ಮಾತ್ರ ಅಂಟಿನ ಘಾಟು ಮುಖಕ್ಕೆ ಬಡಿಯುತ್ತದೆ. ಕಾರಿನ ಒಡೆಯರು ವಾರ ಕಾಯುತ್ತಾರೆ, ತಿಂಗಳು ಕಾಯುತ್ತಾರೆ. ಬಿಸಿಲಿನಲ್ಲಿ ನಿಲ್ಲಿಸಿದ ದಿನ ಅದು ಮತ್ತೆ ಬಂದಿರುತ್ತದೆ. ಮನೆಯವರಿಗೆ ತಲೆನೋವು, ಮಕ್ಕಳಿಗೆ ವಾಕರಿಕೆ ಎಂಬ ಮಾತು ಬಂದಮೇಲೆ ಕಾರು ವರ್ಕ್‌ಷಾಪಿಗೆ ಹಿಂತಿರುಗುತ್ತದೆ, ಬಾಕಿ ಹಣ ನಿಲ್ಲುತ್ತದೆ. ಮಾಡಿದ ಕೆಲಸವನ್ನೆಲ್ಲ ಕಿತ್ತು ಮತ್ತೆ ಮಾಡಿಕೊಡುವ ಪ್ರಸಂಗವೂ ಬರಬಹುದು. ತುಮಕೂರಿನ ಸತ್ಯಮಂಗಲ, ಅಂತರಸನಹಳ್ಳಿಯಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಈ ನಷ್ಟ ಸಣ್ಣದಲ್ಲ. ಕಾರಣವನ್ನು ಸರಿಯಾಗಿ ತಿಳಿದರೆ ನಿವಾರಣೆ ಅಂತಹ ಕಷ್ಟದ್ದೂ ಅಲ್ಲ.

ಘಾಟು ಎಲ್ಲಿಂದ ಬರುತ್ತದೆ

ಕಾರಿನ ಒಳಹೊದಿಕೆಗೆ ಬಳಸುವ ಹಳದಿ ಬಣ್ಣದ ರಬ್ಬರ್ ಅಂಟು ಹೆಚ್ಚಾಗಿ ಪಾಲಿಕ್ಲೋರೋಪ್ರೀನ್ ಎಂಬ ಕೃತಕ ರಬ್ಬರಿನಿಂದ ತಯಾರಾಗುತ್ತದೆ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ಈ ರಬ್ಬರನ್ನು ಇಂದು ನಿಯೋಪ್ರೀನ್ ಎಂಬ ಹೆಸರಿನಿಂದ ಎಲ್ಲರೂ ಬಲ್ಲರು. ಡಬ್ಬಿಗಳ ಮೇಲೆ ಕಾಣುವ 'ಎಸ್.ಆರ್.' ಎಂಬ ಅಕ್ಷರಗಳು ಸಿಂಥೆಟಿಕ್ ರಬ್ಬರ್ ಎಂಬುದನ್ನೇ ಸೂಚಿಸುತ್ತವೆ. ರಬ್ಬರಿಗೆ ಅಂಟುಗುಣ ಮತ್ತು ಶಾಖ ತಡೆಯುವ ಶಕ್ತಿ ಬರಲೆಂದು ರಾಳವನ್ನು ಸೇರಿಸಿ, ಎರಡನ್ನೂ ದ್ರಾವಕದಲ್ಲಿ ಕರಗಿಸಿರುತ್ತಾರೆ. ಡಬ್ಬಿಯಲ್ಲಿ ಇರುವುದರ ಸುಮಾರು ಮುಕ್ಕಾಲು ಭಾಗ ಈ ದ್ರಾವಕವೇ. ಅಂಟು ಎಂದು ಉಳಿಯುವುದು ಕಾಲು ಭಾಗ ಮಾತ್ರ. ಗ್ರಾಹಕರು ಅಂಟಿನ ಘಾಟು ಎಂದು ಕರೆಯುವುದು ಬಹುಪಾಲು ದ್ರಾವಕದ ಘಾಟು.

ದ್ರಾವಕಗಳೆಲ್ಲ ಒಂದೇ ಬಗೆಯವಲ್ಲ. ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ಗೆ, ಹೆಕ್ಸೇನ್ 69 ಡಿಗ್ರಿಗೆ, ಈಥೈಲ್ ಅಸಿಟೇಟ್ 77 ಡಿಗ್ರಿಗೆ ಕುದಿಯುತ್ತವೆ. ಇವು ಬೇಗ ಹಾರಿಹೋಗುತ್ತವೆ. ಟಾಲ್ವೀನ್ ಕುದಿಯಲು ಸುಮಾರು 111 ಡಿಗ್ರಿ ಬೇಕು. ಮಿಶ್ರ ದ್ರಾವಕವಿರುವ ಅಂಟಿನಲ್ಲಿ ಮೊದಲು ಹಗುರವಾದವು ಹೋಗಿ, ಮೇಲ್ಪದರ ಒಣಗಿದಂತೆ ಕಾಣುತ್ತದೆ. ಒಳಗೆ ಟಾಲ್ವೀನ್ ಉಳಿದಿರುತ್ತದೆ. ಬೆರಳಿಗೆ ಅಂಟುವುದಿಲ್ಲವೆಂದ ಮಾತ್ರಕ್ಕೆ ಅಂಟು ಒಣಗಿದೆ ಎಂದು ತಿಳಿಯುವುದು ಇಲ್ಲಿನ ಮೊದಲ ತಪ್ಪು.

ಎರಡನೆಯ ತಪ್ಪು ದಪ್ಪವಾಗಿ ಬಳಿಯುವುದು. ದ್ರಾವಕದ ಕಣಗಳು ರಬ್ಬರಿನ ಪದರದೊಳಗಿನಿಂದ ನುಸುಳಿ ಹೊರಬರಬೇಕು. ಹೀಗೆ ಹೊರಬರಲು ಬೇಕಾಗುವ ಕಾಲವು ಪದರದ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. 'ಗಟ್ಟಿಯಾಗಿ ಹಿಡಿಯಲಿ' ಎಂದು ಬ್ರಷ್ ತುಂಬ ಬಳಿಯುವ ಕೆಲಸಗಾರನಿಗೆ ಈ ಲೆಕ್ಕವನ್ನು ಯಾರೂ ಹೇಳಿರುವುದಿಲ್ಲ. ತೆಳುವಾಗಿ ಎರಡು ಸಲ ಬಳಿದು, ನಡುವೆ ಬಿಡುವು ಕೊಟ್ಟರೆ ಹಿಡಿತವೂ ಉತ್ತಮ, ಘಾಟೂ ಕಡಿಮೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ರೆಕ್ಸಿನ್ ಎಂಬುದು ಬಟ್ಟೆಯ ಮೇಲೆ ಪಿ.ವಿ.ಸಿ. ಲೇಪನ ಮಾಡಿದ ವಸ್ತು. ಅದರ ಮೂಲಕ ಆವಿ ಸುಲಭವಾಗಿ ಹಾಯುವುದಿಲ್ಲ. ಬಾಗಿಲಿನ ಒಳಭಾಗದಲ್ಲಿ ಒಂದು ಕಡೆ ಕಬ್ಬಿಣದ ತಗಡು, ಇನ್ನೊಂದು ಕಡೆ ರೆಕ್ಸಿನ್, ನಡುವೆ ಹಸಿ ಅಂಟು ಎಂದಾದರೆ ದ್ರಾವಕಕ್ಕೆ ಹೊರಹೋಗಲು ಅಂಚುಗಳನ್ನು ಬಿಟ್ಟರೆ ದಾರಿಯೇ ಇಲ್ಲ. ಫೋಮ್ ಇದ್ದರೆ ಅದು ಸ್ಪಂಜಿನಂತೆ ದ್ರಾವಕವನ್ನು ಹೀರಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಬಿಸಿಲು ಬಿದ್ದಾಗ ಹೊರಗೆ ಬಿಡುತ್ತದೆ, ತಂಪಾದಾಗ ಸುಮ್ಮನಾಗುತ್ತದೆ. 'ಹೋಯಿತು ಎಂದುಕೊಂಡಿದ್ದೆವು, ಮತ್ತೆ ಬಂತು' ಎಂಬ ದೂರಿನ ಹಿಂದಿರುವುದು ಇದೇ.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. 1950-60ರ ದಶಕದ ಕಾರುಗಳಲ್ಲಿ ಇಷ್ಟೊಂದು ಅಂಟನ್ನು ಬಳಸುತ್ತಿರಲಿಲ್ಲ. ಒಳಚಾವಣಿಯ ಬಟ್ಟೆಯನ್ನು ಅಡ್ಡ ಕಂಬಿಗಳಿಗೆ ಹೊಲಿದು ತೂಗುಬಿಡುವುದು, ಸೀಟಿನ ಹೊದಿಕೆಯನ್ನು ತಂತಿಯ ಕೊಂಡಿಗಳಿಂದ ಚೌಕಟ್ಟಿಗೆ ಎಳೆದು ಕಟ್ಟುವುದು, ಬಾಗಿಲಿನ ಹಲಗೆಗೆ ಸಣ್ಣ ಮೊಳೆ ಹೊಡೆಯುವುದು ಅಂದಿನ ಸಾಮಾನ್ಯ ಕ್ರಮವಾಗಿತ್ತು. ಇಂದಿನ ಕಾರುಗಳಂತೆ ಫೋಮ್ ಅಂಟಿಸಿದ ಬಟ್ಟೆಯನ್ನು ತಂದು ಹಳೆಯ ಕಾರಿನ ಚಾವಣಿಗೆ ನೇರವಾಗಿ ಅಂಟಿಸುವುದು ಈಚಿನ ರೂಢಿ. ಕೆಲಸ ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ಹಳೆಯ ಕಾರಿಗೆ ಹಳೆಯ ವಿಧಾನವೇ ಮೂಲರೂಪಕ್ಕೂ ಹತ್ತಿರ, ಮೂಗಿಗೂ ಹಿತ. ಹವ್ಯಾಸಿಗಳು ಇದಕ್ಕೆ ಹೆಚ್ಚಿನ ಕೂಲಿ ಕೊಡಲು ಹಿಂಜರಿಯುವುದಿಲ್ಲ ಎಂಬುದನ್ನು ಕುಶನ್ ಕೆಲಸದವರು ಗಮನಿಸಬಹುದು.

ಎಷ್ಟು ದ್ರಾವಕ, ಎಷ್ಟು ಅಪಾಯ

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕಾರಿನ ಚಾವಣಿ, ಬಾಗಿಲು, ನೆಲದ ಮ್ಯಾಟ್ ಎಲ್ಲಕ್ಕೂ ಸೇರಿ ಮೂರು ಲೀಟರ್ ಅಂಟು ಬಳಸಲಾಗಿದೆ ಎಂದುಕೊಳ್ಳೋಣ. ಅದರಲ್ಲಿ ಸುಮಾರು ಎರಡು ಕಿಲೋ ದ್ರಾವಕ. ನೂರಕ್ಕೆ 95 ಭಾಗ ಕೆಲಸದ ವೇಳೆಯಲ್ಲೇ ಹಾರಿಹೋಯಿತೆಂದು ಉದಾರವಾಗಿ ಲೆಕ್ಕ ಹಿಡಿದರೂ 100 ಗ್ರಾಂ ಒಳಗೇ ಉಳಿಯುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಕೆಲಸದ ಸ್ಥಳದ ಗಾಳಿಯಲ್ಲಿ ಟಾಲ್ವೀನ್‌ಗೆ ಎಂಟು ಗಂಟೆಗಳ ಸರಾಸರಿ ಮಿತಿಯಾಗಿ ನಿಗದಿಪಡಿಸಿದ್ದುದು ಘನ ಮೀಟರ್‌ಗೆ 375 ಮಿಲಿಗ್ರಾಂ. ಕಾರಿನ ಒಳಾವರಣ ಸುಮಾರು ಮೂರು ಘನ ಮೀಟರ್. ಅಂದರೆ ಮುಚ್ಚಿದ ಕಾರಿನಲ್ಲಿ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ಟಾಲ್ವೀನ್ ಆವಿಯಾದರೆ ಆ ಮಿತಿ ಮುಟ್ಟುತ್ತದೆ. ಒಳಗೆ ಉಳಿದ 100 ಗ್ರಾಂ ಕಾರನ್ನು ಅಂತಹ ಮಿತಿಗೆ ಸುಮಾರು 90 ಸಲ ತುಂಬಬಲ್ಲದು. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರು ಈಗ ಶಿಫಾರಸು ಮಾಡುವ ಮಿತಿ ಇದರ ಐದನೆಯ ಒಂದು ಭಾಗ ಮಾತ್ರ.

ಕಾರಿನ ಒಡೆಯರು ದಿನಕ್ಕೆ ಅರ್ಧ ಗಂಟೆ ಒಳಗೆ ಕುಳಿತಾರು. ಅಂಟು ಹಚ್ಚುವ ಹುಡುಗ ಇಡೀ ದಿನ ಕಾರಿನೊಳಗೆ ತಲೆ ಹಾಕಿಕೊಂಡು ಇರುತ್ತಾನೆ. ಟಾಲ್ವೀನ್ ಆವಿಯಿಂದ ತಲೆಸುತ್ತು, ಮಂಪರು, ಗಮನಶಕ್ತಿಯ ಕುಂದು ಉಂಟಾಗುತ್ತವೆ. ಹೆಕ್ಸೇನ್ ಬೆರೆತ ಅಂಟಿನ ವಿಷಯ ಇನ್ನೂ ಗಂಭೀರ. 1960ರ ದಶಕದಲ್ಲಿ ಜಪಾನಿನ ಚಪ್ಪಲಿ ತಯಾರಿಕೆಯ ಗುಡಿ ಕೈಗಾರಿಕೆಗಳಲ್ಲಿ ಹೆಕ್ಸೇನ್ ಅಂಟು ಬಳಸುತ್ತಿದ್ದ ಕೆಲಸಗಾರರ ಕೈಕಾಲುಗಳ ನರಗಳು ದುರ್ಬಲವಾಗಿ, ಮರಗಟ್ಟುವಿಕೆ ಮತ್ತು ಸ್ನಾಯು ಬಲಹೀನತೆ ಕಾಣಿಸಿಕೊಂಡಿತ್ತು. ಅವರೂ ಇಕ್ಕಟ್ಟಾದ, ಗಾಳಿಯಾಡದ ಕೋಣೆಗಳಲ್ಲಿ ಕುಳಿತು ಕೆಲಸ ಮಾಡುತ್ತಿದ್ದವರೇ. ಬೆರಳ ತುದಿ ಜುಮ್ಮೆನ್ನುತ್ತದೆ ಎಂದು ಕೆಲಸಗಾರನೊಬ್ಬನು ಹೇಳಿದರೆ ಅದನ್ನು ಆಯಾಸವೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು.

ಬೆಂಕಿಯ ಅಪಾಯವೂ ಇದೆ. ಟಾಲ್ವೀನ್ 4 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 1.1ರಷ್ಟಾದರೆ ಒಂದು ಕಿಡಿ ಸಾಕು. ಮೂರು ಘನ ಮೀಟರ್ ಕಾರಿನಲ್ಲಿ ಈ ಮಟ್ಟಕ್ಕೆ ಬೇಕಾಗುವುದು ಸುಮಾರು 125 ಗ್ರಾಂ, ಅಂದರೆ ಒಂದು ಚಹಾ ಲೋಟದಷ್ಟು. ಇದರ ಆವಿ ಗಾಳಿಗಿಂತ ಮೂರು ಪಟ್ಟು ಭಾರವಾದುದರಿಂದ ಕಾಲಿಡುವ ತಗ್ಗಿನಲ್ಲಿ, ಸೀಟಿನ ಕೆಳಗೆ ಸಂಗ್ರಹವಾಗುತ್ತದೆ. ಹಾಗಾಗಿ ಇಡೀ ಕಾರಿನ ಸರಾಸರಿ ಕಡಿಮೆಯಿದ್ದರೂ ನೆಲದ ಮಟ್ಟದಲ್ಲಿ ಅಪಾಯದ ಪ್ರಮಾಣ ಇರಬಹುದು. ಅಂಟಿನ ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿಡುವುದು, ಪಕ್ಕದಲ್ಲಿ ವೆಲ್ಡಿಂಗ್ ನಡೆಯದಂತೆ ನೋಡಿಕೊಳ್ಳುವುದು ಅಗತ್ಯ. ಬೀಡಿ ಸಿಗರೇಟಿನ ಮಾತಂತೂ ಹೇಳಬೇಕಾಗಿಲ್ಲ.

ಮೊದಲು ಮೂಲವನ್ನು ಪತ್ತೆಹಚ್ಚಬೇಕು

ಘಾಟು ಬರುತ್ತಿದೆ ಎಂದ ಕೂಡಲೆ ಸುಗಂಧ ಸಿಂಪಡಿಸುವುದು ಎಲ್ಲೆಡೆ ಕಾಣುವ ಪದ್ಧತಿ. ಅದರಿಂದ ಎರಡು ವಾಸನೆಗಳಾಗುತ್ತವೆಯೇ ಹೊರತು ಒಂದೂ ಹೋಗುವುದಿಲ್ಲ. ಮೊದಲಿಗೆ ಅದು ಅಂಟಿನದೇ ಹೌದೇ ಎಂದು ನಿಶ್ಚಯಿಸಿಕೊಳ್ಳಬೇಕು. ಹಳೆಯ ಕಾರುಗಳಲ್ಲಿ ಪೆಟ್ರೋಲ್ ಕೊಳವೆಯ ರಬ್ಬರ್ ಬಿರುಕುಬಿಟ್ಟು, ಟ್ಯಾಂಕಿನ ಕಡೆಯಿಂದ ಡಿಕ್ಕಿಯ ಮೂಲಕ ಒಳಗೆ ಆವಿ ಬರುವುದುಂಟು. ಇದನ್ನು ಅಂಟಿನ ಘಾಟೆಂದು ತಿಳಿದು ಕಾಲ ಕಳೆದರೆ ಅನಾಹುತವಾದೀತು. ಹೊಸ ಫೋಮಿನಿಂದ ಮೀನಿನಂತಹ ವಾಸನೆ, ಹೊಸ ರೆಕ್ಸಿನ್‌ನಿಂದ ಸಿಹಿಗಟ್ಟಿದ ಪ್ಲಾಸ್ಟಿಕ್ ವಾಸನೆ, ನೆನೆದ ಸೆಣಬಿನ ಹಾಸಿನಿಂದ ಮುಗ್ಗುಲು ವಾಸನೆ ಬರುತ್ತವೆ. ಇವುಗಳ ನಿವಾರಣೆ ಬೇರೆ ಬೇರೆ.

ಇದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಬಾಗಿಲು, ಚಾವಣಿ, ಮ್ಯಾಟ್, ಸೀಟು ಹೀಗೆ ಪ್ರತಿಯೊಂದು ಕಡೆಯಿಂದ ಮರೆಯಲ್ಲಿರುವ ಅಂಚಿನ ಒಂದು ಸಣ್ಣ ತುಂಡನ್ನು ಕತ್ತರಿಸಿ, ಒಗೆದು ಒಣಗಿಸಿದ ಪ್ರತ್ಯೇಕ ಗಾಜಿನ ಬಾಟಲಿಗಳಲ್ಲಿ ಹಾಕಿ, ಮುಚ್ಚಳ ಬಿಗಿದು ಬಿಸಿಲಿನಲ್ಲಿ ಎರಡು ಗಂಟೆ ಇಡಬೇಕು. ಬಳಿಕ ನೆರಳಿನಲ್ಲಿ ಒಂದೊಂದನ್ನೇ ತೆರೆದು, ಮೂಗನ್ನು ನೇರವಾಗಿ ಬಾಯಿಗೆ ಒಡ್ಡದೆ ಕೈಯಿಂದ ಗಾಳಿ ಬೀಸಿಕೊಂಡು ನೋಡಬೇಕು. ಯಾವ ಬಾಟಲಿ ಅಪರಾಧಿ ಎಂಬುದು ತಿಳಿದುಹೋಗುತ್ತದೆ. ಇದು ಹಳ್ಳಿಯ ಉಪಾಯವೆಂದು ಹಗುರವಾಗಿ ಕಾಣಬೇಕಾಗಿಲ್ಲ. ಜರ್ಮನಿಯ ವಾಹನ ಉದ್ಯಮದ 'ವಿ.ಡಿ.ಎ. 270' ಎಂಬ ಪರೀಕ್ಷಾ ಕ್ರಮದ ತತ್ವವೂ ಇದೇ. ಅಲ್ಲಿ ಮಾದರಿಯನ್ನು ಮುಚ್ಚಿದ ಪಾತ್ರೆಯಲ್ಲಿ ನಿಗದಿತ ಶಾಖಕ್ಕೆ ಒಡ್ಡಿ, ತರಬೇತಿ ಪಡೆದವರು ಮೂಸಿ 1ರಿಂದ 6ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ವಾಸನೆ ತಿಳಿಯದು, 6 ಎಂದರೆ ಸಹಿಸಲಾಗದು.

ಮೂಸುವವರು ಯಾರಾಗಬೇಕು ಎಂಬುದೂ ಮುಖ್ಯ. ಅಂಟು ಹಚ್ಚಿದವನಿಗೆ ಅದು ತಿಳಿಯುವುದಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಹೊಂದಿಕೊಂಡು, ಇಲ್ಲವೆಂದೇ ಹೇಳುತ್ತದೆ. ವರ್ಕ್‌ಷಾಪಿನ ಮಾಲೀಕರ ಮೂಗಿಗೂ ಇದೇ ಗತಿ. ಬೆಳಿಗ್ಗೆ ಹೊರಗಿನಿಂದ ಬಂದ, ಈ ಕೆಲಸಕ್ಕೆ ಸಂಬಂಧಿಸದ ಒಬ್ಬರಿಂದ ಪರೀಕ್ಷೆ ಮಾಡಿಸುವುದು ಲೇಸು.

ಬಿಸಿಲು ಮತ್ತು ಗಾಳಿ

ದ್ರಾವಕವನ್ನು ಹೊರಹಾಕಲು ಶಾಖಕ್ಕಿಂತ ಅಗ್ಗದ ಸಾಧನವಿಲ್ಲ. ಟಾಲ್ವೀನ್‌ನ ಆವಿಯ ಒತ್ತಡ 20 ಡಿಗ್ರಿಯಲ್ಲಿ ಪಾದರಸದ 22 ಮಿಲಿಮೀಟರ್. 40 ಡಿಗ್ರಿಯಲ್ಲಿ ಸುಮಾರು 59. 60 ಡಿಗ್ರಿಯಲ್ಲಿ ಸುಮಾರು 139. ಎಂದರೆ 60 ಡಿಗ್ರಿಗೆ ಅದು ಆರು ಪಟ್ಟು ಚುರುಕು. ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಶಾಖ ತಾನಾಗಿಯೇ ಒದಗುತ್ತದೆ. ಕಾಸು ಕೊಡದೆ ದೊರೆಯುವ ಈ ಒಲೆಯನ್ನು ಬಳಸಿಕೊಳ್ಳುವ ಕ್ರಮವನ್ನಷ್ಟೇ ತಿಳಿಯಬೇಕು.

ಅಂಟಿಸಿದ ಮೊದಲ ಎರಡು ದಿನ ಕಾರನ್ನು ಬಿಸಿಲಿಗೆ ಇಡಬಾರದು. ದ್ರಾವಕ ತುಂಬಿದ ಪದರ ಇನ್ನೂ ಮೃದುವಾಗಿರುವುದರಿಂದ ಚಾವಣಿಯ ಬಟ್ಟೆ ಜೋತುಬೀಳುವ ಸಂಭವವಿದೆ. ಆ ಎರಡು ದಿನ ನೆರಳಿನಲ್ಲಿ ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿಟ್ಟು ಗಾಳಿಯಾಡಿಸಬೇಕು. ಮೂರನೆಯ ದಿನದಿಂದ ಸೀಟುಗಳನ್ನು ಬಿಚ್ಚಿ ಹೊರಗಿಟ್ಟು, ಮ್ಯಾಟ್ ಎತ್ತಿ, ಬ್ಯಾಟರಿ ತಂತಿ ಬಿಚ್ಚಿ, ಗಾಜುಗಳನ್ನು ಏರಿಸಿ ಎರಡು ಗಂಟೆ ಕಾಯಿಸಬೇಕು. ಅನಂತರ ಎಲ್ಲ ಬಾಗಿಲು ತೆರೆದು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಗಾಳಿಗೆ ಬಿಡಬೇಕು. ದಿನಕ್ಕೆ ಇಂತಹ ಎರಡು ಸರದಿ ಆಗಬಹುದು. ಕಾಯಿಸಿದ್ದನ್ನು ತೆರೆದುಬಿಡದೆ ಸಂಜೆಯವರೆಗೂ ಮುಚ್ಚಿಟ್ಟರೆ, ಹೊರಬಂದ ಆವಿ ತಂಪಾದ ಮೇಲೆ ಮರಳಿ ಫೋಮಿನೊಳಗೇ ಸೇರುತ್ತದೆ. ಅನೇಕರು 'ತಿಂಗಳು ಬಿಸಿಲಿಗಿಟ್ಟರೂ ಹೋಗಲಿಲ್ಲ' ಎನ್ನುವುದು ಈ ಒಂದು ಕಾರಣಕ್ಕೆ.

ಫ್ಯಾನ್ ಬಳಸುವುದಾದರೆ ಅದನ್ನು ಕಾರಿನೊಳಗೆ ಇಡಕೂಡದು. ಮೋಟಾರಿನ ಕಿಡಿ ಮತ್ತು ಒಳಗಿನ ಆವಿ ಸೇರುವುದು ಬೇಡ. ಒಂದು ಬಾಗಿಲಿನ ಹೊರಗೆ, ಶುದ್ಧ ಗಾಳಿಯಿರುವ ಕಡೆ ಫ್ಯಾನ್ ಇರಿಸಿ ಒಳಕ್ಕೆ ಬೀಸುವಂತೆ ಮಾಡಿ, ಎದುರಿನ ಬಾಗಿಲುಗಳನ್ನು ತೆರೆದಿಡಬೇಕು. ಗಾಳಿ ನೆಲದ ಮಟ್ಟದಲ್ಲಿ ಹಾದುಹೋಗಬೇಕು. ಭಾರವಾದ ಆವಿ ಇರುವುದು ಅಲ್ಲಿಯೇ. ಹ್ಯಾಲೊಜನ್ ದೀಪ, ಕೆಂಡದ ಒಲೆ, ಹೀಟರ್‌ಗಳಿಂದ ಕಾಯಿಸುವ ಪ್ರಯೋಗಗಳನ್ನು ಯಾವ ಕಾರಣಕ್ಕೂ ಮಾಡತಕ್ಕದ್ದಲ್ಲ.

ಮಳೆಗಾಲದಲ್ಲಿ ತೊಡಕು ಹೆಚ್ಚು. ತುಮಕೂರು ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಜೋರು. ದ್ರಾವಕ ಆವಿಯಾಗುವಾಗ ಅಂಟಿನ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಮಸುಕು ಪದರವಾಗುತ್ತದೆ. ಹಿಡಿತ ಕೆಡುತ್ತದೆ, ಕೆಲಸಗಾರ ಇನ್ನಷ್ಟು ಅಂಟು ಬಳಿಯುತ್ತಾನೆ, ಘಾಟು ಇಮ್ಮಡಿಯಾಗುತ್ತದೆ. ಸಾಧ್ಯವಾದರೆ ಒಳಹೊದಿಕೆಯ ಕೆಲಸವನ್ನು ಫೆಬ್ರವರಿಯಿಂದ ಮೇ ತಿಂಗಳ ನಡುವೆ ಹಾಕಿಕೊಂಡು, ಮಳೆಯ ತಿಂಗಳುಗಳಲ್ಲಿ ಎಂಜಿನ್ ಮತ್ತಿತರ ಕೆಲಸ ಮಾಡಿಕೊಳ್ಳುವುದು ಜಾಣತನ.

ನಮ್ಮದೇ ಜಿಲ್ಲೆಯ ಚಿಪ್ಪಿನ ಇದ್ದಿಲು

ಗಾಳಿ, ಬಿಸಿಲಿನ ನಂತರ ಉಳಿಯುವ ಅಲ್ಪಸ್ವಲ್ಪ ಆವಿಗೆ ಸಕ್ರಿಯ ಇದ್ದಿಲು ತಕ್ಕ ಉಪಾಯ. ತೆಂಗಿನ ಚಿಪ್ಪನ್ನು ಸುಟ್ಟು ಇದ್ದಿಲು ಮಾಡಿ, ಅದನ್ನು 800 ಡಿಗ್ರಿಗೂ ಮೀರಿದ ಶಾಖದಲ್ಲಿ ಹಬೆಗೆ ಒಡ್ಡಿದಾಗ ಅದರಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳು ಹುಟ್ಟುತ್ತವೆ. ಒಂದು ಗ್ರಾಂ ಇದ್ದಿಲಿನ ಒಳಮೇಲ್ಮೈಯೆಲ್ಲ ಬಿಡಿಸಿ ಹರಡಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ಚಿಪ್ಪಿನ ಇದ್ದಿಲಿನ ರಂಧ್ರಗಳು ಬಹಳ ಕಿರಿದಾಗಿರುವುದರಿಂದ ದ್ರಾವಕದ ಆವಿಯಂತಹ ಸಣ್ಣ ಕಣಗಳನ್ನು ಹಿಡಿದಿಡಲು ಅದು ಉಳಿದೆಲ್ಲ ಇದ್ದಿಲುಗಳಿಗಿಂತ ಮೇಲು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗಾಗಿ 1918ರಲ್ಲಿ ಅಮೆರಿಕದಲ್ಲಿ ತೆಂಗಿನ ಚಿಪ್ಪು, ಹಣ್ಣಿನ ಓಟೆಗಳನ್ನು ಜನರಿಂದ ಸಂಗ್ರಹಿಸಿದ್ದು ಇದೇ ಗುಣಕ್ಕಾಗಿ. ಉಂಡೆ ಕೊಬ್ಬರಿಗೆ ಹೆಸರಾದ ತಿಪಟೂರು ಇರುವ ಜಿಲ್ಲೆಯಲ್ಲಿ ಚಿಪ್ಪಿಗೆ ಬರವಿಲ್ಲ. ಅದರ ಬಹುಪಾಲು ಒಲೆಗೆ ಹೋಗುತ್ತಿದ್ದ ಕಾಲವೂ ಇತ್ತು.

ಅಡುಗೆ ಇದ್ದಿಲಿನಿಂದ ಈ ಕೆಲಸ ಆಗದು. ಅದರಲ್ಲಿ ರಂಧ್ರಗಳು ಕಡಿಮೆ. ನೀರು ಶುದ್ಧೀಕರಣದ ಸಾಮಗ್ರಿ ಮಾರುವವರಲ್ಲಿ ಸಿಗುವ ಹರಳಿನ ರೂಪದ ಸಕ್ರಿಯ ಇದ್ದಿಲನ್ನು ಒಣಗಿದ ಸ್ಥಿತಿಯಲ್ಲಿ ಕೊಂಡು, ಹತ್ತಿಬಟ್ಟೆಯ ಚೀಲಗಳಲ್ಲಿ ತೆಳುವಾಗಿ ಹರಡಿ ಹೊಲಿದು ನೆಲದ ತಗ್ಗುಗಳಲ್ಲಿ ಇಡಬೇಕು. ತನ್ನ ತೂಕದ ಹತ್ತರಲ್ಲೊಂದು ಭಾಗವನ್ನು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರೂ ಮೇಲೆ ಹೇಳಿದ 100 ಗ್ರಾಂ ದ್ರಾವಕಕ್ಕೆ ಒಂದು ಕಿಲೋ ಬೇಕು. ಎರಡು ಕಿಲೋ ಇಟ್ಟರೆ ನಿಶ್ಚಿಂತೆ. ಕಾರಿನ ಕನ್ನಡಿಗೆ ತೂಗುಹಾಕುವ 50 ಗ್ರಾಂನ ಅಲಂಕಾರದ ಪೊಟ್ಟಣಗಳಿಂದ ಏನೂ ಆಗುವುದಿಲ್ಲ.

ಇಡುವ ವೇಳೆಯ ಬಗ್ಗೆ ಒಂದು ಮಾತು. ಇದ್ದಿಲು ತಂಪಿನಲ್ಲಿ ಹಿಡಿಯುತ್ತದೆ, ಕಾವಿನಲ್ಲಿ ಬಿಡುತ್ತದೆ. ಹಗಲು ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಇದ್ದಿಲು ಇಟ್ಟರೆ ರಾತ್ರಿ ಹಿಡಿದುದನ್ನು ಅದು ಮರಳಿ ಕೊಡುತ್ತದೆ. ಆದ್ದರಿಂದ ಹಗಲು ಕಾಯಿಸಿ ಗಾಳಿಯಾಡಿಸುವುದು, ಸಂಜೆ ಇದ್ದಿಲು ಇಟ್ಟು ಮುಚ್ಚುವುದು, ಬೆಳಿಗ್ಗೆ ತೆಗೆದು ಹೊರಗೆ ಕಾಂಕ್ರೀಟಿನ ಮೇಲೆ ಬಿಸಿಲಿಗೆ ಹರಡುವುದು, ಈ ಕ್ರಮವನ್ನು ಅನುಸರಿಸಬೇಕು. ಇದ್ದಿಲು ತೇವವನ್ನೂ ಹೀರುವುದರಿಂದ ಮಳೆಗಾಲದಲ್ಲಿ ಅದರ ಶಕ್ತಿ ಕುಗ್ಗುತ್ತದೆ.

ಫಲ ಕೊಡದ ಉಪಾಯಗಳು

ಅಡುಗೆ ಸೋಡಾ ಹುಳಿ ವಾಸನೆಗಳನ್ನು ಶಮನಗೊಳಿಸಬಲ್ಲದು. ಟಾಲ್ವೀನ್ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಹಾಗಾಗಿ ಸೋಡಾ ಅದಕ್ಕೆ ಏನನ್ನೂ ಮಾಡದು. ಕಾಫಿ ಪುಡಿ, ನಿಂಬೆಹಣ್ಣು, ಅಗರಬತ್ತಿಗಳು ಮರೆಮಾಚುತ್ತವೆ, ಅಷ್ಟೆ. ಅಗರಬತ್ತಿಯಂತೂ ಬೆಂಕಿಯ ವಸ್ತು. ಪೆಟ್ರೋಲ್ ಅಥವಾ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸುವುದು ದ್ರಾವಕಕ್ಕೆ ದ್ರಾವಕವನ್ನು ಸೇರಿಸಿದಂತೆ.

ಓಜೋನ್ ಯಂತ್ರಗಳನ್ನು ಬಾಡಿಗೆಗೆ ಕೊಡುವವರು ಈಗ ನಗರಗಳಲ್ಲಿ ಇದ್ದಾರೆ. ಓಜೋನ್ ಸಿಗರೇಟಿನ ವಾಸನೆ, ಮುಗ್ಗುಲು ವಾಸನೆಗಳ ಮೇಲೆ ಕೆಲಸ ಮಾಡೀತು. ಟಾಲ್ವೀನ್ ಜೊತೆ ಅದರ ಪ್ರತಿಕ್ರಿಯೆ ಅತಿ ನಿಧಾನ. ಅದೇ ವೇಳೆಗೆ ಹಳೆಯ ಕಾರಿನ ಗಾಜುಗಳ ಸುತ್ತಲ ನೈಸರ್ಗಿಕ ರಬ್ಬರಿನ ಬೀಡಿಂಗನ್ನು ಅದು ಬಿರುಕುಬಿಡಿಸುತ್ತದೆ. ಸುಲಭವಾಗಿ ಸಿಗದ ಮೂಲ ಬೀಡಿಂಗನ್ನು ಕಳೆದುಕೊಂಡು ವಾಸನೆಯನ್ನೂ ಉಳಿಸಿಕೊಳ್ಳುವ ಈ ವ್ಯವಹಾರ ಲಾಭದ್ದಲ್ಲ.

ಎರಡು ಮೂರು ವಾರ ಸರಿಯಾದ ಕ್ರಮದಲ್ಲಿ ಕಾಯಿಸಿ ಗಾಳಿಯಾಡಿಸಿದರೂ ಬಾಟಲಿ ಪರೀಕ್ಷೆಯಲ್ಲಿ ಅದೇ ತೀವ್ರತೆ ಕಂಡರೆ, ಆ ಭಾಗದ ಅಂಟು ದಪ್ಪವಾಗಿ ಸಿಕ್ಕಿಕೊಂಡಿದೆ ಎಂದು ತಿಳಿದು ಬಿಚ್ಚುವುದೇ ಮೇಲು. ಇಡೀ ಕಾರನ್ನು ಬಿಚ್ಚಬೇಕಾಗಿಲ್ಲ; ಬಾಟಲಿ ತೋರಿಸಿದ ಭಾಗ ಸಾಕು. ಅಂಟು ಕುಡಿದ ಫೋಮನ್ನು ಎಸೆದು ಹೊಸದನ್ನು ಹಾಕಬೇಕು. ತಗಡಿನ ಮೇಲಿನ ಪದರವನ್ನು ಮೊಂಡಾದ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಬಹುದು. ಫೋಮಿನ ಬೆಲೆ ಉಳಿಸಲು ಹೋಗಿ ಗ್ರಾಹಕರನ್ನು ಕಳೆದುಕೊಳ್ಳುವುದು ವರ್ತಕರ ಲೆಕ್ಕವಾಗಲಾರದು.

ಮುಂದಿನ ಕೆಲಸಕ್ಕೆ ಬೇರೆ ಅಂಟು

ನೀರಿನಲ್ಲಿ ಹದಗೊಳಿಸಿದ ಪಾಲಿಕ್ಲೋರೋಪ್ರೀನ್ ಅಂಟುಗಳು ಈಗ ದೇಶದಲ್ಲೂ ದೊರೆಯುತ್ತವೆ. ಇವುಗಳಲ್ಲಿ ಸುಮಾರು ಅರ್ಧ ಭಾಗ ಅಂಟೇ ಇರುವುದರಿಂದ ಕಿಲೋಗೆ ಬೆಲೆ ಹೆಚ್ಚಾದರೂ ಹರಡುವ ವಿಸ್ತೀರ್ಣವೂ ಹೆಚ್ಚು. ಬೆಲೆಯನ್ನು ಕಿಲೋಗೆ ಹೋಲಿಸದೆ ಚದರ ಅಡಿಗೆ ಹೋಲಿಸಬೇಕು. ಇವುಗಳಿಗೆ ಮಿತಿಗಳೂ ಇವೆ. ಅಂಟಿಸುವ ಎರಡು ಮೇಲ್ಮೈಗಳಲ್ಲಿ ಒಂದಾದರೂ ಫೋಮ್, ಬಟ್ಟೆ, ಹಲಗೆಯಂತೆ ನೀರು ಹೀರುವಂತಿರಬೇಕು. ಬಣ್ಣವಿಲ್ಲದ ತಗಡಿನ ಮೇಲೆ ತುಕ್ಕು ಹಿಡಿಸುತ್ತವೆ. ಆದ್ದರಿಂದ ಪ್ರೈಮರ್ ಹಚ್ಚಿದ ಮೇಲಷ್ಟೇ ಬಳಸಬೇಕು. ಮಳೆಗಾಲದಲ್ಲಿ ಒಣಗಲು ತಡ. ತಗಡಿಗೆ ರೆಕ್ಸಿನ್ ನೇರವಾಗಿ ಅಂಟಿಸುವ ಕಡೆ ದ್ರಾವಕದ ಅಂಟೇ ಬೇಕಾದೀತು. ಫೋಮಿಗೆ ಬಟ್ಟೆ, ಹಲಗೆಗೆ ಫೋಮ್ ಅಂಟಿಸುವಲ್ಲಿ ನೀರಿನದು ಧಾರಾಳವಾಗಿ ಸಾಕು. ಕಾರಿನ ಕೆಲಸದಲ್ಲಿ ಹೆಚ್ಚು ಅಂಟು ಹೋಗುವುದು ಈ ಎರಡನೆಯ ಬಗೆಗೇ. ಸೋಫಾ, ಬಸ್ಸಿನ ಸೀಟು ತಯಾರಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ದ್ರಾವಕದ ಅಂಟನ್ನು ಬಳಸುವವರು ಹಳೆಯ ಡಬ್ಬಿಗಳ ಬಗ್ಗೆ ಎಚ್ಚರ ವಹಿಸಬೇಕು. ಮುಚ್ಚಳ ತೆರೆದಿಟ್ಟು ಗಟ್ಟಿಯಾದ ಅಂಟಿಗೆ ಪೇಂಟ್ ಥಿನ್ನರ್ ಸುರಿದು ತೆಳುಮಾಡುವ ಅಭ್ಯಾಸ ಬಹಳ ಕಡೆ ಇದೆ. ಬೆಲೆ ಕಡಿಮೆಯ ಥಿನ್ನರ್‌ಗಳಲ್ಲಿ ಅಂಟು ತಯಾರಕರು ಆರಿಸಿದ ದ್ರಾವಕಕ್ಕಿಂತ ನಿಧಾನವಾಗಿ ಆರುವ ಭಾರದ ಎಣ್ಣೆಗಳು ಇರಬಹುದು. ಅವು ಕಾರಿನಲ್ಲಿ ಉಳಿಯುವ ಅವಧಿ ಟಾಲ್ವೀನ್‌ಗಿಂತಲೂ ದೀರ್ಘ. ತಯಾರಕರು ಸೂಚಿಸಿದ ಥಿನ್ನರ್ ಹೊರತು ಬೇರೆಯದನ್ನು ಬೆರೆಸಬಾರದು.

ದಾಸ್ತಾನಿನ ವಿಷಯದಲ್ಲಿ ಕಾನೂನೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯು ದ್ರವ ಹೈಡ್ರೋಕಾರ್ಬನ್ ಬೆರೆತ, ಹೊತ್ತಿಕೊಳ್ಳುವ ಮಿಶ್ರಣಗಳನ್ನೂ ಪೆಟ್ರೋಲಿಯಂ ಎಂದೇ ಪರಿಗಣಿಸುತ್ತದೆ. 23 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಹೊತ್ತಿಕೊಳ್ಳುವಂತಹವು 'ಎ' ವರ್ಗದವು. ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾಗಿ ಒಟ್ಟು 30 ಲೀಟರ್‌ವರೆಗೆ, ನಿಗದಿತ ಪಾತ್ರೆಗಳಲ್ಲಿ, ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಮಾರಾಟಗಾರರಿಗೆ ಈ ವಿನಾಯಿತಿ ಇಲ್ಲ. ಅಂಟು, ಥಿನ್ನರ್ ಎರಡನ್ನೂ ಮಾರುವ ಅಂಗಡಿಯವರು ತಮ್ಮ ದಾಸ್ತಾನು ಮತ್ತು ಪರವಾನಗಿಯನ್ನು ಒಮ್ಮೆ ತಾಳೆ ನೋಡಿಕೊಳ್ಳುವುದು ಒಳಿತು. ಅಗ್ನಿ ಅನಾಹುತವಾದಾಗ ವಿಮಾ ಕಂಪನಿ ಮೊದಲು ಕೇಳಬಹುದಾದ ಕಾಗದಗಳಲ್ಲಿ ಅದೂ ಒಂದು.

ಇನ್ನು ಗ್ರಾಹಕರೊಂದಿಗಿನ ವ್ಯವಹಾರ. ದರ ಹೇಳುವಾಗಲೇ ಒಳಹೊದಿಕೆ ಮುಗಿದ ಮೇಲೆ ಗಾಳಿಯಾಡಿಸಲು ಬೇಕಾಗುವ ದಿನಗಳನ್ನು ಸೇರಿಸಿ ವಾಯಿದೆ ಕೊಡಬೇಕು. ಹಬ್ಬದ ಮುನ್ನಾದಿನ, ಮದುವೆಯ ಮುನ್ನಾದಿನ ಕಾರು ಬೇಕೆನ್ನುವವರಿಗೆ ಅಂಟಿನ ಕೆಲಸವನ್ನು ಮೊದಲೇ ಮುಗಿಸಿ ಬಣ್ಣದ ಕೊನೆಯ ಕೆಲಸಗಳನ್ನು ಆಮೇಲೆ ಇಟ್ಟುಕೊಳ್ಳಬಹುದು. ಜಾಬ್ ಕಾರ್ಡಿನಲ್ಲಿ ಅಂಟಿನ ಹೆಸರು, ಡಬ್ಬಿಯ ಬ್ಯಾಚ್ ಸಂಖ್ಯೆ, ಹಚ್ಚಿದ ದಿನ, ಆ ದಿನ ಮಳೆಯಿತ್ತೇ ಬಿಸಿಲಿತ್ತೇ ಎಂಬುದನ್ನು ಬರೆದಿಡಬೇಕು. ಪ್ರತಿ ಭಾಗಕ್ಕೂ ಅಂಟಿಸಿದ ಒಂದು ಅಂಗುಲದ ತುಂಡನ್ನು ಬಾಟಲಿಯಲ್ಲಿ ಹಾಕಿ, ಕಾರಿನ ಸಂಖ್ಯೆ ಬರೆದು ಕಪಾಟಿನಲ್ಲಿಟ್ಟರೆ, ಮೂರು ತಿಂಗಳ ನಂತರ ದೂರು ಬಂದಾಗ ಘಾಟು ಯಾವ ಭಾಗದ್ದು, ಅಂಟಿನದೋ ಪೆಟ್ರೋಲ್ ಕೊಳವೆಯದೋ ಎಂಬುದನ್ನು ಗ್ರಾಹಕರ ಎದುರಿಗೇ ತೆರೆದು ತೋರಿಸಬಹುದು.